ಮೂರು ವರ್ಷದ ಹೋರಾಟ, ಜನ ಸುಸ್ತಾಗಿದ್ದಾರೆ. ನೀವು ಹೇಗೆ ನಿಭಾಯಿಸಿದಿರಿ?

ಮುಂಬೈನ ವಡಾಲಾದಿಂದ ಪ್ರಶ್ನೆ: ನಮ್ಮ ಬಸ್ತಿ (ಕೊಳೆಗೇರಿ) ಒಡೆಯುತ್ತೇವೆ ಅಂತ ನೋಟಿಸ್ ಬಂದು ಮೂರು ವರ್ಷ. ಬದಲಿ ಮನೆ ಕೊಡದೆ ಜಾಗ ಬಿಡಲ್ಲ ಅಂತ ಕೂತಿದ್ದೇವೆ. ಮೊದಲು ಸಭೆಗೆ ಗಲ್ಲಿ ತುಂಬಾ ಜನ ಬರುತ್ತಿದ್ದರು. ಈಗ ಹದಿನೈದು. ಏನು ಮಾಡಬೇಕು?

ಮುಂಬೈನದೇ ಕುರ್ಲಾದಿಂದ: ಅಣ್ಣಾ, ಹದಿನೈದು ಜನ ಕಡಿಮೆಯಲ್ಲ. ನಮ್ಮದು ಒಂಬತ್ತು ವರ್ಷ ನಡೆಯಿತು. ಮೊದಲೆರಡು ವರ್ಷ ವಾರ್ಡ್ ಆಫೀಸು, ವಕೀಲರು, ಪೊಲೀಸ್ ಠಾಣೆ ಎಲ್ಲದಕ್ಕೂ ಒಬ್ಬರೇ ಓಡಾಡಿದರು. ಅವರು ಹಾಸಿಗೆ ಹಿಡಿದಾಗ ಕಾಗದ ಎಲ್ಲಿವೆ ಅಂತ ಕೂಡ ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಒಂದು ಕೈಚೀಲ ಮಾಡಿದೆವು. ಫೋಟೋಪಾಸ್ (ಬಸ್ತಿಯವರಿಗೆ ಸರ್ಕಾರ ಕೊಟ್ಟ ಫೋಟೋ ಇರುವ ಗುರುತಿನ ಚೀಟಿ) ಜೆರಾಕ್ಸ್, ಹಳೇ ಲೈಟ್ ಬಿಲ್ಲು, ಸಿಕ್ಕಾ (ಆಫೀಸಿನ ಮುದ್ರೆ) ಹಾಕಿಸಿದ ಅರ್ಜಿಗಳು, ಒಂದು ನೋಟ್‌ಬುಕ್. ತಿಂಗಳಿಗೊಂದು ಮನೆಗೆ ಚೀಲ ಹೋಗುತ್ತಿತ್ತು. ಚೀಲ ಇದ್ದ ಮನೆಯವರೇ ಆಫೀಸಿಗೆ ಹೋಗಬೇಕು, ಬಂದು ಬರೆದಿಡಬೇಕು. ಓದು ಬಾರದ ಅಕ್ಕ ಒಬ್ಬರು ಮಗಳ ಕೈಲಿ ಬರೆಸಿದ್ದರು: 'ಸಾಹೇಬರು ಇರಲಿಲ್ಲ. ಮಂಗಳವಾರ ಬಾ ಅಂದರು. ಮತ್ತೆ ಹೋಗುತ್ತೇನೆ.' ಆ ಪುಟ ಈಗಲೂ ಇಟ್ಟಿದ್ದೇವೆ. ಚೀಲ ಮನೆಗೆ ಬಂದ ಮೇಲೆ ಸಭೆಗೆ ಬಾರದವರೂ ಬರತೊಡಗಿದರು.

ಕೂಲಿ ವಿಷಯ ಮರೀಬೇಡಿ. ನಾಕಾದಲ್ಲಿ (ರಸ್ತೆ ಕೂಡುವ ಕಡೆ) ನಿಂತು ದಿನಗೂಲಿ ಕೆಲಸ ಹಿಡಿಯುವವರು ಆಫೀಸಿಗೆ ಹೋದರೆ ಆ ದಿನದ ಸಂಪಾದನೆ ಹೋಯಿತು, ಅಲ್ವಾ? ವಾರಕ್ಕೆ ಮನೆಗೆ 20 ರೂಪಾಯಿ ಕೂಡಿಸಿ ಅವರಿಗೆ ಅರ್ಧ ಕೂಲಿ ಕೊಡುತ್ತಿದ್ದೆವು.

ಮುಂಬೈನ ಪರೇಲ್‌ನಿಂದ: ಕೂಲಿ ಮಾತು ನಿಜ. ನಮ್ಮಪ್ಪ ಬಟ್ಟೆ ಮಿಲ್ಲಿನಲ್ಲಿದ್ದರು. 1982ರ ಜನವರಿ 18ಕ್ಕೆ ಮುಷ್ಕರ ಶುರುವಾಯಿತು. ಕಾರ್ಮಿಕ ನಾಯಕ ದತ್ತಾ ಸಾಮಂತರ ಜೊತೆ ಸುಮಾರು 2.5 ಲಕ್ಷ ಕಾರ್ಮಿಕರು. ವರ್ಷ ದಾಟಿದರೂ ಜನ ನಿಂತರು. ಎಷ್ಟೋ ಮಂದಿ ಊರಿಗೆ ಹೋದರು, ಊರಿಂದ ಕಾಳುಕಡ್ಡಿ ತಂದರು. ಅಮ್ಮ ಬೇರೆಯವರ ಮನೆಯಲ್ಲಿ ಪಾತ್ರೆ ತಿಕ್ಕಿದರು. ಮುಷ್ಕರ ಗೆಲ್ಲಲಿಲ್ಲ, ಅಪ್ಪನಿಗೆ ಕೆಲಸ ಮತ್ತೆ ಸಿಗಲಿಲ್ಲ. ಆದ್ದರಿಂದ ನಡುವೆ ನಲ್ಲಿ, ಶೌಚಾಲಯ, ಏನು ಸಿಕ್ಕರೂ ಲಿಖಿತದಲ್ಲಿ ತಗೊಳ್ಳಿ. ಎಲ್ಲವನ್ನೂ ಕೊನೆಯ ದಿನಕ್ಕೆ ಇಡಬೇಡಿ.

ಪುಣೆಯಿಂದ: ನಮ್ಮ ಹತ್ತಿರದ ಮುಳಶಿಯಲ್ಲಿ 1921ರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಸೇನಾಪತಿ ಬಾಪಟರ ಜೊತೆ ಮಾವಳ ಪ್ರದೇಶದ ರೈತರು ಅಣೆಕಟ್ಟು ಬೇಡ ಅಂತ ಸತ್ಯಾಗ್ರಹ ಮಾಡಿದರು. ಜಮೀನಿನ ಒಡೆಯರು ಪರಿಹಾರಕ್ಕೆ ಒಪ್ಪಿದರು. ಉಳುವವರು ಒಂಟಿಯಾದರು, ಅಣೆಕಟ್ಟೂ ಬಂತು. ನಿಮ್ಮ ಬಸ್ತಿಯಲ್ಲಿ ಬಾಡಿಗೆಗೆ ಇರುವವರು ನಿಮ್ಮ ಪಟ್ಟಿಯಲ್ಲಿ ಇದ್ದಾರಾ?

ವಡಾಲಾದಿಂದ: ಇಲ್ಲ. ಸುಮಾರು ನಲವತ್ತು ಮನೆ ಇವೆ. ಅವರನ್ನು ನಾವು ಕರೆದೇ ಇಲ್ಲ. ಈ ಭಾನುವಾರ ಮನೆ ಮನೆಗೆ ಹೋಗುತ್ತೇವೆ. ಮೊದಲ ತಿಂಗಳು ಚೀಲ ಆ ಕಡೆಯ ಮನೆಗೇ ಕೊಡುತ್ತೇವೆ.