ಉಡುಗೊರೆಗೂ ವ್ಯಾಪಾರಕ್ಕೂ ಇರುವ ವ್ಯತ್ಯಾಸವೇನು?

ಪ್ರಶ್ನೆ:
ಸಾಮಾಜಿಕ ಮಾನವಶಾಸ್ತ್ರದ ಆರಂಭಿಕ ಪಾಠಗಳನ್ನು ಓದುತ್ತಿದ್ದೇನೆ. ಉಡುಗೊರೆಗೆ ಪ್ರತಿಯಾಗಿ ಮತ್ತೊಂದು ಉಡುಗೊರೆ ಬರಲೇಬೇಕೆಂದಾದರೆ ಅದನ್ನು ವ್ಯಾಪಾರವೆಂದು ಏಕೆ ಕರೆಯುವುದಿಲ್ಲ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1:
ಪಪುವಾ ನ್ಯೂಗಿನಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ 1915 ಮತ್ತು 1918ರ ನಡುವೆ ಕ್ಷೇತ್ರಕಾರ್ಯ ನಡೆಸಿದ ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ ದಾಖಲಿಸಿದ ‘ಕುಲಾ’ ಎಂಬ ಉಡುಗೊರೆ ವಿನಿಮಯದ ಪದ್ಧತಿಯನ್ನು ಗಮನಿಸಿ. ಅಲ್ಲಿ ಕೆಂಪು ಚಿಪ್ಪಿನ ಹಾರಗಳು ದ್ವೀಪದಿಂದ ದ್ವೀಪಕ್ಕೆ ಪ್ರದಕ್ಷಿಣವಾಗಿಯೂ ಬಿಳಿ ಚಿಪ್ಪಿನ ತೋಳಬಳೆಗಳು ಅದಕ್ಕೆ ವಿರುದ್ಧ ದಿಕ್ಕಿನಲ್ಲಿಯೂ ಕೈಯಿಂದ ಕೈಗೆ ಸಾಗುತ್ತವೆ. ಅವುಗಳನ್ನು ಯಾರೂ ಬಹುಕಾಲ ಇಟ್ಟುಕೊಳ್ಳುವಂತಿಲ್ಲ. ಅದೇ ಸಮುದ್ರಯಾನದಲ್ಲಿ ‘ಗಿಮ್ವಾಲಿ’ ಎಂಬ ಸಾಮಾನ್ಯ ವಸ್ತುವಿನಿಮಯವೂ ನಡೆಯುತ್ತದೆ. ಅಲ್ಲಿ ಚೌಕಾಸಿ ಸಹಜ. ಕುಲಾದಲ್ಲಿ ಮಾತ್ರ ಚೌಕಾಸಿ ಅವಮಾನಕರ. ‘ಗಿಮ್ವಾಲಿಯಂತೆ ಕುಲಾ ಮಾಡುತ್ತಾನೆ’ ಎನ್ನುವುದು ಅಲ್ಲಿನವರ ನಿಂದೆಯ ಮಾತು. ವ್ಯತ್ಯಾಸವನ್ನು ಆ ಜನರೇ ಇಷ್ಟು ಸ್ಪಷ್ಟವಾಗಿ ಗುರುತಿಸಿರುವುದು ನನಗೆ ಬಹಳ ಮುಖ್ಯವೆನಿಸುತ್ತದೆ.

ಉತ್ತರ 2:
ಇದಕ್ಕೆ ಕಾಲದ ಅಂತರವನ್ನೂ ಸೇರಿಸಬೇಕು. ಬೆಲೆ ತೆತ್ತೊಡನೆ ಕೊಳ್ಳುವವನ ಮತ್ತು ಮಾರುವವನ ಸಂಬಂಧ ಮುಗಿಯಬಹುದು. ಉಡುಗೊರೆಯಲ್ಲಾದರೋ ಋಣ ತೀರದೆ ಉಳಿಯುವುದರಿಂದಲೇ ಸಂಬಂಧ ಮುಂದುವರಿಯುತ್ತದೆ. ಪಡೆದದ್ದಕ್ಕೆ ಸಮನಾದುದನ್ನು ಆ ಕ್ಷಣವೇ ಹಿಂದಿರುಗಿಸಿದರೆ ಅದು ತಿರಸ್ಕಾರದಂತೆ ತೋರುತ್ತದೆ. ಕೊಡುವುದು, ಸ್ವೀಕರಿಸುವುದು, ಹಿಂದಿರುಗಿಸುವುದು ಎಂಬ ಮೂರೂ ಕಡ್ಡಾಯವೆಂದು ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1925ರಲ್ಲಿ ವಾದಿಸಿದರು.

ಉತ್ತರ 3:
ಆದರೂ ‘ಉಡುಗೊರೆಯ ಸಮಾಜ’, ‘ಮಾರುಕಟ್ಟೆಯ ಸಮಾಜ’ ಎಂದು ಜಗತ್ತನ್ನು ಎರಡಾಗಿ ಸೀಳುವುದು ಸರಿಯಲ್ಲ. ಮೇಲಿನ ಉದಾಹರಣೆಯಲ್ಲಿಯೇ ಎರಡೂ ಒಂದೇ ದೋಣಿಯಲ್ಲಿ ಸಾಗುತ್ತಿವೆ.