ಕ್ರಿಸ್ತನಿಗೆ "ಎರಡು ಸ್ವಭಾವ" ಎನ್ನಬಹುದೆ?

ಬೀದರಿನ ನಮ್ಮ ಸಭೆಯ ಸಂಡೇ ಸ್ಕೂಲಿನ ದೊಡ್ಡ ಮಕ್ಕಳಿಗೆಂದು ಕ್ರೈಸ್ತ ನಂಬಿಕೆಯ ಮುಖ್ಯ ಬೋಧನೆಗಳ ಕಿರುಹೊತ್ತಗೆಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅದರ ಕರಡಿನಿಂದ "ಕ್ರಿಸ್ತನಿಗೆ ದೈವಿಕ ಮತ್ತು ಮಾನವ ಎಂಬ ಎರಡು ಸ್ವಭಾವಗಳಿವೆ" ಎಂಬ ವಾಕ್ಯವನ್ನು ಓದಿದಾಗ, ಕೇಳುತ್ತ ಕುಳಿತಿದ್ದ ಆಯಿಯೊಬ್ಬರು, "ಎರಡು ಸ್ವಭಾವ ಅಂದ್ರ ಒಳಗೊಂದು ಹೊರಗೊಂದು ಅಂದಂಗ ಆತಲ್ಲಪಾ, ನಮ್ಮ ಯೇಸಪ್ಪ ಹಂಗಿಲ್ಲ" ಎಂದುಬಿಟ್ಟರು. ಅವರು ಹೇಳಿದ್ದು ಸರಿ. "ಆಕಿ ಸ್ವಭಾವ ಛಲೋ ಅದ" ಎಂದು ದಿನವೂ ಆಡುವವರಿಗೆ ಸ್ವಭಾವವೆಂದರೆ ನಡೆನುಡಿಯ ರೀತಿ. ಅದು ಎರಡಾದರೆ ಮನುಷ್ಯ ನಂಬಿಕೆಗೆ ಯೋಗ್ಯನಲ್ಲ.

ಇಲ್ಲಿ "ಸ್ವಭಾವ" ಎಂದು ಕನ್ನಡಿಸಿದ ಮೂಲದ ಗ್ರೀಕ್ ಪದ ಫ್ಯೂಸಿಸ್. ಹುಟ್ಟು, ಬೆಳೆಯುವಿಕೆ ಎಂಬ ಅರ್ಥದ ಧಾತುವಿನಿಂದ ಬಂದ ಅದಕ್ಕೆ, ಸಂಸ್ಕೃತದ ನಿಷ್ಪತ್ತಿಯನ್ನಷ್ಟೇ ನೋಡಿದರೆ, ಸ್ವಭಾವ ಒಪ್ಪುವ ಪದವೇ, ಕೆಟ್ಟಿರುವುದು ಬಳಕೆಯಲ್ಲಿ. ಕ್ರಿ.ಶ. 451ರಲ್ಲಿ ಕ್ರೈಸ್ತ ಧರ್ಮಾಧ್ಯಕ್ಷರ ಖಾಲ್ಸೆಡಾನ್ ಮಹಾಸಭೆ, ಒಬ್ಬನೇ ಕ್ರಿಸ್ತನು ಎರಡು ಫ್ಯೂಸಿಸ್‌ಗಳಲ್ಲಿ ಇದ್ದಾನೆಂದು ಹೇಳಿ, ಅದಕ್ಕೆ ನಾಲ್ಕು ನಿಷೇಧಪದಗಳ ಬೇಲಿ ಹಾಕಿತು. ಅವನ್ನು ನಾನು "ಕಲಸದೆ, ಮಾರ್ಪಡದೆ, ಒಡೆಯದೆ, ಅಗಲದೆ" ಎಂದು ಕನ್ನಡಿಸಿದ್ದೇನೆ, ಮತ್ತು ಇಷ್ಟರಮಟ್ಟಿಗೆ ತೃಪ್ತಿಯಿದೆ. ಈಜಿಪ್ಟಿನ ಕಾಪ್ಟಿಕ್, ಅರ್ಮೇನಿಯನ್ ಮೊದಲಾದ ಸಭೆಗಳು ಈ ಸೂತ್ರವನ್ನು ಒಪ್ಪದೆ, ಕ್ರಿಸ್ತನಲ್ಲಿ ದೈವತ್ವವೂ ಮಾನವತ್ವವೂ ಕೂಡಿದ ಒಂದೇ ಫ್ಯೂಸಿಸ್ ಎಂದವು. ಅಲ್ಲಿಯೂ ಜಗಳದ ಬಹುಪಾಲು ಈ ಪದದ ಅರ್ಥದ ಮೇಲೆಯೇ ನಡೆಯಿತೆಂಬುದನ್ನು ನೆನೆದಾಗ ಆಯಿಯ ಆಕ್ಷೇಪ ಹಗುರವೆನಿಸುವುದಿಲ್ಲ.

ಆ ನಾಲ್ಕು ಪದಗಳನ್ನು ವಿವರಿಸಲು ಮಕ್ಕಳಿಗೆ ಬಿದ್ರಿಯ ಹೂಜಿಯೊಂದನ್ನು ತೋರಿಸಿದೆ. ಅದರ ಮೈಗೆ ಸತುವನ್ನೂ ತಾಮ್ರವನ್ನೂ ಒಟ್ಟಿಗೆ ಕರಗಿಸುತ್ತಾರೆ, ಅದು ಕಲಸಿದ್ದು. ಕೊರೆದ ಗೆರೆಯಲ್ಲಿ ಕೂರಿಸಿದ ಬೆಳ್ಳಿ ಮಾತ್ರ ಮೈ ಕಪ್ಪಾದ ಮೇಲೂ ಬೆಳ್ಳಿಯಾಗಿಯೇ ಹೊಳೆಯುತ್ತದೆ, ಅದು ಕಲಸದ್ದು. ಆದರೆ ಹುಡುಗನೊಬ್ಬ ಉಗುರಿನಿಂದ ಬೆಳ್ಳಿಯ ಅಂಚನ್ನು ಕೆರೆಯತೊಡಗಿದಾಗ "ಅಗಲದೆ" ಎಂಬಲ್ಲಿ ನನ್ನ ಹೋಲಿಕೆ ಸೋತಿತು.

ಬೇರೆ ಪದಗಳನ್ನೂ ನೋಡಿದೆ. "ದೈವಾಂಶ" ಸಲ್ಲದು, ಅರ್ಧ ದೇವರು, ಅರ್ಧ ಮನುಷ್ಯ ಎಂಬ ಪಾಲಿನ ಲೆಕ್ಕ ಅದರಲ್ಲಿದೆ, ಬೋಧನೆಯಾದರೋ ಎರಡನ್ನೂ ಪೂರ್ಣವೆನ್ನುತ್ತದೆ. "ಪ್ರಕೃತಿ" ಎಂದರೆ ಸಾಂಖ್ಯ ದರ್ಶನದ ಜಡತತ್ತ್ವ ನೆನಪಾಗುತ್ತದೆ, ಮರಾಠಿ ಬಲ್ಲ ನಮ್ಮವರಿಗೆ ಆರೋಗ್ಯವೂ ನೆನಪಾಗುತ್ತದೆ. ಹಳೆಯ ಕನ್ನಡ ಬೈಬಲು ಯೋಹಾನ 1:14ರಲ್ಲಿ ಬಳಸಿದ "ನರಾವತಾರ" ಕಿವಿಗೆ ಇಂಪಾಗಿದ್ದರೂ, ಅವತಾರವೆಂದೊಡನೆ ಹತ್ತೆಂಬ ಎಣಿಕೆ ಬರುತ್ತದೆ. ಇಲ್ಲಿ ಹೇಳಬೇಕಾದದ್ದು ಒಮ್ಮೆಯೇ ಆದದ್ದನ್ನು. "ಮನುಷ್ಯತ್ವ" ಎಂದರೆ ಕನಿಕರವೆಂದು ಕೇಳುತ್ತದೆ.

"ಗುಣ" ಎಂಬುದನ್ನು ಮಾತ್ರ ಕೈಬಿಡಲು ಮನಸ್ಸಾಗುತ್ತಿಲ್ಲ. ದೇವರು ಯಾವುದನ್ನು ತನ್ನದಾಗಿಸಿಕೊಳ್ಳಲಿಲ್ಲವೋ ಅದು ವಾಸಿಯಾಗಲಿಲ್ಲ, ಆದ್ದರಿಂದ ಕ್ರಿಸ್ತನಲ್ಲಿ ಮಾನವ ಮನಸ್ಸೂ ಇರಲೇಬೇಕು ಎಂಬುದು 4ನೆಯ ಶತಮಾನದ ಧರ್ಮಾಧ್ಯಕ್ಷ ನಾಜಿಯಾನ್ಜಸಿನ ಗ್ರೆಗರಿಯ ವಾದ. ಕನ್ನಡದಲ್ಲಿ ರೋಗ ವಾಸಿಯಾದರೆ "ಗುಣವಾಯಿತು" ಎನ್ನುತ್ತೇವೆ. "ರಕ್ಷಣೆ" ಎಂಬ ಸಭೆಯ ಪದ ಹೊರಗಿನವರಿಗೆ ಪೊಲೀಸ್ ರಕ್ಷಣೆಯಂತೆಯೂ, "ಮುಕ್ತಿ" ಜನ್ಮಗಳಿಂದ ಬಿಡುಗಡೆಯಂತೆಯೂ ಕೇಳುವಾಗ, ಗುಣವಾಗುವಿಕೆ ಎಂಬ ಈ ಅರ್ಥ ಸಮೀಪದ್ದೆನಿಸುತ್ತದೆ. ಆದರೆ "ಎರಡು ಗುಣ" ಎಂದರೆ ಮತ್ತೆ ಆಯಿಯ ಆಕ್ಷೇಪವೇ ಎದುರು ನಿಲ್ಲುತ್ತದೆ.

ಸದ್ಯ ಕರಡಿನಲ್ಲಿ "ನಿಜವಾಗಿ ದೇವರು, ನಿಜವಾಗಿ ಮನುಷ್ಯ" ಎಂದು ಬರೆದು, ಎಣಿಕೆಯ ಮಾತನ್ನು ತಪ್ಪಿಸಿದ್ದೇನೆ. 451ರ ಸೂತ್ರವನ್ನೇ ಕೊಡಬೇಕಾದ ಪುಟದಲ್ಲಿ ಮಾತ್ರ ನಾಮಪದವಿಲ್ಲದೆ ಆಗದು. ಅಲ್ಲಿ "ದೇವತನ, ಮನುಷ್ಯತನ" ಎಂದು ಬರೆದರೆ, "ತನ" ಪ್ರತ್ಯಯ ಇರವನ್ನು ಸೂಚಿಸೀತೆ, ಇಲ್ಲವೆ "ಹುಡುಗತನ"ದಂತೆ ಬರಿಯ ವರ್ತನೆಯನ್ನು ಸೂಚಿಸೀತೆ? ಬಲ್ಲವರು ತಿಳಿಸಬೇಕಾಗಿ ವಿನಂತಿ.