ಕಾಶ್ಗರ್‌ನಿಂದ ಆಂದಿಜಾನ್‌ಗೆ ರೈಲು: ಬೆಟ್ಟ ಕೊರೆದರೆ ವ್ಯಾಪಾರ ಬೆಳೆಯುತ್ತದೆಯೇ?

ಪ್ರಶ್ನೆ: ಅರ್ಥಶಾಸ್ತ್ರ ವಿದ್ಯಾರ್ಥಿನಿ, ಮಂಡ್ಯ

ಚೀನಾದ ಕಾಶ್ಗರ್‌ನಿಂದ ಕಿರ್ಗಿಸ್ತಾನದ ಮೂಲಕ ಉಜ್ಬೇಕಿಸ್ತಾನದ ಆಂದಿಜಾನ್‌ಗೆ ಹೋಗುವ ಚೀನಾ–ಕಿರ್ಗಿಸ್ತಾನ–ಉಜ್ಬೇಕಿಸ್ತಾನ ರೈಲುಮಾರ್ಗದ ಬಗ್ಗೆ ತರಗತಿಯಲ್ಲಿ ಪ್ರಬಂಧ ಮಂಡಿಸಬೇಕಿದೆ. ಮೂರೂ ದೇಶಗಳು 1997ರಲ್ಲೇ ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿದ್ದವು. ಅಂತಿಮ ಒಪ್ಪಂದವಾದದ್ದು 2024ರ ಜೂನ್‌ನಲ್ಲಿ, ಕಿರ್ಗಿಸ್ತಾನದ ಜಲಾಲಾಬಾದ್‌ನಲ್ಲಿ ಕಾಮಗಾರಿಗೆ ಚಾಲನೆ ಸಿಕ್ಕಿದ್ದು ಅದೇ ವರ್ಷದ ಡಿಸೆಂಬರ್ 27ರಂದು. 500 ಕಿಲೋಮೀಟರಿಗಿಂತ ತುಸು ಉದ್ದದ ಮಾರ್ಗಕ್ಕೆ ಇಷ್ಟು ವರ್ಷ ಏಕೆ ಬೇಕಾಯಿತು? ದಾರಿಗೆ ಅಡ್ಡ ನಿಂತ ತಿಯೆನ್ ಶಾನ್ ಬೆಟ್ಟಗಳೇ ಕಾರಣ ಎನ್ನುತ್ತಾರೆ ನನ್ನ ಸಹಪಾಠಿಗಳು. ರೈಲ್ವೆಯಲ್ಲಿ ದುಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಗೂಡ್ಸ್ ಗಾರ್ಡ್, ಮೈಸೂರು

ಬೆಟ್ಟ ಸಣ್ಣ ಅಡ್ಡಿಯಲ್ಲ, ಆದರೆ ಅದೊಂದೇ ಕಾರಣ ಎಂಬುದನ್ನು ನಾನು ಒಪ್ಪುವುದಿಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ಘಟ್ಟದಲ್ಲಿ ಸರಕು ಗಾಡಿಗಳ ಜೊತೆ ಓಡಾಡಿದವನು ನಾನು. 55 ಕಿಲೋಮೀಟರಿನಲ್ಲಿ 57 ಸುರಂಗಗಳು, 50 ಅಡಿಗೆ ಒಂದು ಅಡಿ ಏರು. ಹಿಂದಿನಿಂದ ನೂಕುವ ಬ್ಯಾಂಕರ್ ಎಂಜಿನ್ ಇಲ್ಲದೆ ತುಂಬಿದ ಗಾಡಿ ಘಟ್ಟ ಹತ್ತುವುದಿಲ್ಲ. ಇಳಿಯುವಾಗ ಬ್ರೇಕ್ ಬ್ಲಾಕ್ ಕಾದ ಕಮಟು ವಾಸನೆ ಹಿಂದಿನ ಬ್ರೇಕ್ ವ್ಯಾನಿನವರೆಗೂ ಬರುತ್ತಿತ್ತು. ಎಡಕುಮೇರಿಯಲ್ಲಿ ಗಾಡಿ ನಿಂತಾಗ ಟಾರ್ಚ್ ಹಿಡಿದು ಒಂದೊಂದೇ ಚಕ್ರ ನೋಡುತ್ತಾ ನಡೆಯುತ್ತಿದ್ದೆ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಸಂಚಾರವೇ ಬಂದ್. ಇಷ್ಟಿದ್ದೂ ನಮ್ಮವರು ಆ ಮಾರ್ಗ ಕಟ್ಟಿದರು, ಇಂದಿಗೂ ಗಾಡಿ ಓಡುತ್ತಿದೆ.

ಆ ಮೂರು ದೇಶಗಳ ನಡುವೆ ವರ್ಷಗಟ್ಟಲೆ ಹಗ್ಗಜಗ್ಗಾಟ ನಡೆದ ವಿಷಯಗಳಲ್ಲಿ ಹಳಿಯ ಅಗಲವೂ ಒಂದು. ಚೀನಾದ ಹಳಿ 1,435 ಮಿಲಿಮೀಟರ್, ಸೋವಿಯತ್ ಕಾಲದಿಂದ ಉಳಿದ ಮಧ್ಯ ಏಷ್ಯಾದ ಹಳಿ 1,520. ವ್ಯತ್ಯಾಸ ಒಂದು ಅಂಗೈಯಷ್ಟು. ಆದರೆ ಗೇಜ್, ಅಂದರೆ ಹಳಿಯ ಅಗಲ, ಬದಲಾಗುವಲ್ಲಿ ಸರಕನ್ನು ಒಂದು ಗಾಡಿಯಿಂದ ಇನ್ನೊಂದಕ್ಕೆ ದಾಟಿಸಬೇಕು; ಹಾಗಾಗಿ ಆ ಜಾಗದಲ್ಲೇ ಕ್ರೇನು, ಗೋದಾಮು, ಕೂಲಿ ಎಲ್ಲವೂ ಬೇರೂರುತ್ತವೆ. ಕೊನೆಗೆ ಆ ಜಾಗ ಕಿರ್ಗಿಸ್ತಾನದ ಒಳಗಿನ ಮಕ್ಮಲ್ ಎಂದು ತೀರ್ಮಾನವಾಯಿತು. ನನ್ನ ದೃಷ್ಟಿಯಲ್ಲಿ ಅದು ಕಿರ್ಗಿಜರಿಗೆ ಸಿಕ್ಕ ದೊಡ್ಡ ಲಾಭ. ಗಾಡಿ ನಿಲ್ಲದೆ ಹಾದುಹೋದರೆ ದಾರಿಯ ಊರಿಗೆ ಏನು ದಕ್ಕುತ್ತದೆ? ಮೈಸೂರು ಮಾರ್ಗ ಅಗಲ ಕಡಿಮೆಯ ಮೀಟರ್ ಗೇಜಿನಲ್ಲಿದ್ದಾಗ ಬೆಂಗಳೂರಿನಲ್ಲಿ ಮೂಟೆಗಳನ್ನು ವ್ಯಾಗನ್‌ನಿಂದ ವ್ಯಾಗನ್‌ಗೆ ಹೊರುತ್ತಿದ್ದ ಹಮಾಲರ ಸಂಸಾರಗಳು ನಡೆದದ್ದೇ ಆ ದುಡಿಮೆಯಿಂದ.

ಇನ್ನು ಹಣ. ಅಂದಾಜು 470 ಕೋಟಿ ಡಾಲರ್, ಅದರಲ್ಲಿ ಅರ್ಧ ಚೀನಾ ಕೊಡುವ ಸಾಲ. ಜಂಟಿ ಕಂಪನಿಯಲ್ಲಿ ಚೀನಾಕ್ಕೆ ಶೇ 51, ಉಳಿದಿಬ್ಬರಿಗೆ ತಲಾ ಶೇ 24.5. ಗಾಡಿಗಳು ಎರಡೂ ದಿಕ್ಕಿನಲ್ಲಿ ತುಂಬಿ ಓಡದಿದ್ದರೆ ಈ ಸಾಲ ತೀರುವುದು ಕಷ್ಟ.

ಉತ್ತರ: ರೇಷ್ಮೆ ಬೆಳೆಗಾರ, ಮಳವಳ್ಳಿ

ಆ ಎರಡನೆಯ ದಿಕ್ಕಿನ, ಅಂದರೆ ಚೀನಾದತ್ತ ಹಿಂದಿರುಗುವ ಗಾಡಿಗಳ ಬಗ್ಗೆಯೇ ನನಗೆ ಅನುಮಾನ. ಚೀನಾದ ಕಚ್ಚಾ ರೇಷ್ಮೆ ಅಗ್ಗಕ್ಕೆ ಬಂದಾಗ ರಾಮನಗರದಲ್ಲಿ ಗೂಡಿನ ದರ ಕುಸಿದು, ಹಿಪ್ಪುನೇರಳೆ ಕಿತ್ತುಹಾಕಿದವರನ್ನು ಬಲ್ಲೆ. ಉಜ್ಬೇಕಿಸ್ತಾನವೂ ರೇಷ್ಮೆ ನಾಡು. ಉತ್ಪಾದನೆಯಲ್ಲಿ ಚೀನಾ, ಭಾರತದ ನಂತರದ ಸ್ಥಾನ ಅದರದು. ಫರ್ಗಾನಾ ಕಣಿವೆಯ ಮಾರ್ಗಿಲಾನ್ ರೇಷ್ಮೆ ನೇಕಾರರ ಊರು. ಅಗ್ಗದ ಸರಕು ರೈಲುಗಟ್ಟಲೆ ಬಂದಿಳಿದರೆ ಆ ನೇಕಾರರ ಗತಿಯೇನು?

ಉತ್ತರ: ನಿವೃತ್ತ ಗೂಡ್ಸ್ ಗಾರ್ಡ್, ಮೈಸೂರು

ನಿಮ್ಮ ಆತಂಕ ನ್ಯಾಯವಾದದ್ದೇ. ಆದರೆ ಚೀನಾದ ಸರಕು ಈಗಲೂ ನಿಂತಿಲ್ಲ. ಚೀನಾ–ಕಿರ್ಗಿಸ್ತಾನ ಗಡಿಯಲ್ಲಿ 3,752 ಮೀಟರ್ ಎತ್ತರದ ತೊರುಗರ್ತ್ ಕಣಿವೆದಾರಿ ಹತ್ತಿ ಲಾರಿಗಳಲ್ಲಿ ಬರುತ್ತಿದೆ, ಕಜಕಿಸ್ತಾನ ಸುತ್ತಿಕೊಂಡು ರೈಲಿನಲ್ಲೂ ಬರುತ್ತಿದೆ. ಬೆಲೆ ಕಡಿಮೆ, ತೂಕ ಹೆಚ್ಚು ಇರುವ ಸರಕಿಗೆ ಲಾರಿ ಬಾಡಿಗೆ ಗಿಟ್ಟುವುದಿಲ್ಲ. ಅಂಥದ್ದನ್ನು ಹೊರಗೆ ಕಳುಹಿಸಲು ಉಜ್ಬೇಕರಿಗೆ, ಕಿರ್ಗಿಜರಿಗೆ ನೇರ ರೈಲು ಬೇಕೇ ಬೇಕು. 2021ರ ಡಿಸೆಂಬರ್‌ನಲ್ಲಿ ಲಾವೋಸ್–ಚೀನಾ ಮಾರ್ಗ ತೆರೆದ ಮೇಲೆ ಥಾಯ್ಲೆಂಡಿನ ದುರಿಯನ್ ಹಣ್ಣು ಶೈತ್ಯ ಕಂಟೇನರುಗಳಲ್ಲಿ ಚೀನಾಕ್ಕೆ ಹೋಗುತ್ತಿದೆ. ಫರ್ಗಾನಾದ ಹಣ್ಣಿಗೂ, ಹತ್ತಿ ನೂಲಿಗೂ ಆ ಅವಕಾಶ ಸಿಗಲಿ ಎಂಬುದು ನನ್ನ ಆಸೆ.

ತಂಗಿ, ನಿನ್ನ ಪ್ರಬಂಧದಲ್ಲಿ ಸುರಂಗಗಳಿಗೆ ಒಂದು ಪುಟ ಸಾಕು. ಹಿಂದಿರುಗುವ ಕಂಟೇನರಿಗೆ ಬಾಡಿಗೆಯಲ್ಲಿ ರಿಯಾಯಿತಿ ಇದೆಯೇ, ಮಕ್ಮಲ್‌ನಲ್ಲಿ ಶೈತ್ಯಾಗಾರ ಕಟ್ಟುವವರು ಯಾರು, ಅಲ್ಲಿ ಕೆಲಸ ಸಿಗುವುದು ಯಾವ ದೇಶದವರಿಗೆ ಎಂಬುದನ್ನು ಹುಡುಕಿ ಬರೆ.